ಸೋಮಾರಿ ಕಬ್ಬಿಣ ಹುಡುಕಿದವರು

ಹುಚ್ಚರಾಯಪ್ಪನವರ ಕೈಗೆ ಏನು ಸಿಕ್ಕರೂ ಮೊದಲು ಅದರ ತೂಕ ನೋಡಬೇಕು. ಎಡ ಅಂಗೈಯಲ್ಲಿಟ್ಟು, ಕಣ್ಣು ಮುಚ್ಚಿ, ಎರಡು ಸಲ ಮೇಲೆ ಕೆಳಗೆ ಆಡಿಸುತ್ತಿದ್ದರು. ಚಹಾದ ಲೋಟ, ಆಗತಾನೆ ಹುಟ್ಟಿದ ಕುರಿಮರಿ, ಯಾವುದಕ್ಕೂ ವಿನಾಯಿತಿ ಇರಲಿಲ್ಲ. ಒಮ್ಮೆ ನನ್ನ ಸ್ಟೆತಾಸ್ಕೋಪನ್ನೂ ತೂಗಿ, “ಇದರಾಗ ಅರ್ಧ ರಬ್ಬರು ದಂಡ ಐತಿ ಡಾಕ್ಟ್ರಮ್ಮ,” ಎಂದಿದ್ದರು.

ನಾನು ಸೊರಬದವಳು, ಶಿಕಾರಿಪುರ ತಾಲ್ಲೂಕಿನಲ್ಲಿ ಪಶುವೈದ್ಯೆ. ಈಸೂರಿನಲ್ಲಿ ಅವರ ಅಣ್ಣನ ಕುರಿಗಳಿಗೆ ಲಸಿಕೆ ಹಾಕುವಾಗ ಪರಿಚಯವಾದವರು. ಪೇಟೆಯಲ್ಲಿ ಅವರದೊಂದು ವೆಲ್ಡಿಂಗ್ ಅಂಗಡಿ. ನೇಗಿಲು, ಟ್ರೈಲರ್ ಬೆಸೆಯುವ ಆ ಜಾಗಕ್ಕೆ ನಾನು ಎರಡೇ ಸೀಟಿನ, ಮೇಲೆ ಚಾವಣಿಯಿಲ್ಲದ ಹಳೆಯ ಸ್ಪೋರ್ಟ್ಸ್ ಕಾರನ್ನು ಒಯ್ದೆ. ಶಿರಸಿಯ ಗೋದಾಮೊಂದರಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಆ ಕಾರನ್ನು ನಾನು ಆಗಷ್ಟೇ ಕೊಂಡಿದ್ದೆ. ಮುಂದಿನ ಚಕ್ರಗಳನ್ನು ಹಿಡಿದಿಡುವ ಕಬ್ಬಿಣದ ತೋಳುಗಳಿಗೆ ಹಿಂದಿನ ಮಾಲೀಕರು ದಪ್ಪ ಪಟ್ಟಿ ಬೆಸೆಯಿಸಿದ್ದರು. ಗುಂಡಿ ಬಂದರೆ ಚಕ್ರ ಒನಕೆಯಂತೆ ಕುಟ್ಟುತ್ತಿತ್ತು. ತೋಳುಗಳ ಭಾರವೇ ಇದಕ್ಕೆ ಕಾರಣ ಎಂದರು ಹುಚ್ಚರಾಯಪ್ಪ.

“ಭಾರ ಇದ್ದರೆ ಗಟ್ಟಿ ಅಲ್ವಾ?” ಎಂದೆ.

“ಹೆಗಲ ಮ್ಯಾಲೆ ಮರಿ ಹೊತ್ಕಂಡು ಹತ್ತು ಮೈಲಿ ನಡೀಬಹುದ್ರಿ. ಕಾಲಿಗೆ ಎರೆಮಣ್ಣು ಮೆತ್ತಿದ್ರೆ ಹತ್ತು ಹೆಜ್ಜೆ ಎತ್ತಾಕಾಗಲ್ಲ. ಸ್ಪ್ರಿಂಗಿನ ಕೆಳಗ ಇರೋದೆಲ್ಲ ಗಾಡಿಗೆ ಕಾಲು. ಕಬ್ಬಿಣದಾಗೂ ಸೋಮಾರಿಗಳು ಇರ್ತಾವು. ಅವನ್ನ ಹುಡುಕಿ ಮನಿಗೆ ಕಳಿಸಬೇಕು.”

ಹುಡುಕಿದ ರೀತಿಯೇ ಸೊಗಸು. ಅದೇ ಅಳತೆಯ ಇನ್ನೊಂದು ತೋಳು ಮಾಡಿ, ಸುಣ್ಣ ಬಳಿದು ಒಣಗಿಸಿದರು. ಅದನ್ನು ಕಟ್ಟಿಹಾಕಿ, ಬಗ್ಗುವ ತನಕ ಟ್ರ್ಯಾಕ್ಟರ್ ಜಾಕ್‌ನಿಂದ ಒತ್ತಿದರು. ಕಬ್ಬಿಣ ಒದ್ದಾಡಿದ ಕಡೆ ಸುಣ್ಣ ಸಿಡಿದು ಉದುರಿತು. ಉಳಿದ ಕಡೆ ಬೆಳ್ಳಗೆ ಹಾಗೇ ಕೂತಿತ್ತು. “ನೋಡ್ರಿ, ಇವರೇ!” ಎಂದು ಬಿಳಿಯ ಜಾಗಗಳ ಮೇಲೆ ಬೆರಳಿಟ್ಟು ಮಗುವಿನ ಹಾಗೆ ನಕ್ಕರು. ಆಮೇಲೆ ಕಾರಿನ ತೋಳುಗಳ ಪಟ್ಟಿ ಕಿತ್ತು, ಆ ಜಾಗಗಳಲ್ಲೆಲ್ಲ ತೂತು ಕೊರೆದರು. ಕಾರಿಗೆ ಹೊಸ ಕಾಲು ಬಂದಂತಾಯಿತು.

ಒಂದು ತಿಂಗಳು ಕಳೆದು, “ಗಾಡಿ ತಗಂಡು ಬರ್ರಿ,” ಎಂದು ಫೋನು ಮಾಡಿದರು. ಯಾಕೆಂದು ಕೇಳಿದರೆ, “ಸುಮ್ನೆ, ನೋಡಾಕ,” ಎಂದರು. ತೋಳುಗಳಿಗೆ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಹಾಕಿ ಎದುರಿಗೆ ಕುಕ್ಕರಗಾಲಲ್ಲಿ ಕುಳಿತರು. ಸ್ವಲ್ಪ ಹೊತ್ತಿಗೆ ಎಡಗಡೆಯ ಒಂದು ತೂತಿನ ಅಂಚಿನಿಂದ ಕೂದಲಿನಷ್ಟು ಸಣ್ಣ ಕಪ್ಪು ಗೆರೆ ಬಿಳಿಪುಡಿಯಲ್ಲಿ ಮೂಡಿತು. ಬಿರುಕು; ಅದರೊಳಗೆ ಇಳಿದಿದ್ದ ಎಣ್ಣೆ ಪುಡಿಗೆ ಒಸರಿತ್ತು.

ಹಿಂದಿನ ಭಾನುವಾರವಷ್ಟೇ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಜನಾಪುರದವರೆಗೆ ಜೋರಾಗಿ ಓಡಿಸಿದ್ದೆ.

“ಬೆಸೆದು ಮುಚ್ಚೋಕೆ ಆಗೋದಿಲ್ವಾ?”

“ಮುಚ್ಚಾಕ ಬರ್ತೈತಿ. ಆದ್ರ ಕೂಸು ಕುಂದ್ರೋ ಗಾಡಿಗೆ ಮುಚ್ಚಿದ್ದು ಹಾಕಲ್ಲ. ಸುಣ್ಣ ಸುಳ್ಳು ಹೇಳಿಲ್ಲ ಡಾಕ್ಟ್ರಮ್ಮ. ತೂತಿನ ಅಂಚು ನಾನೇ ಒರಟು ಬಿಟ್ಟೀನಿ. ತಪ್ಪು ನಂದು.” ಬೇರೆಯವರು ಮತ್ತೆ ಬಳಸದಂತೆ ಎರಡೂ ತೋಳುಗಳನ್ನು ನನ್ನೆದುರೇ ಕತ್ತರಿಸಿ ಹಾಕಿದರು. ಅಷ್ಟು ದಿನದ ಕೆಲಸ ಕಿಡಿಯಾಗಿ ಹಾರುವಾಗ ಅವರ ಮುಖ ನೋಡಲು ನನಗಾಗಲಿಲ್ಲ.

ಹೊಸ ಜೋಡಿಗೆ ಎರಡು ತಿಂಗಳು ಹಿಡಿಯಿತು. ಈ ಸಲ ತೂತುಗಳು ಕಡಿಮೆ. ಒಂದೊಂದರ ಅಂಚನ್ನೂ ಅರದಿಂದ ಉಜ್ಜಿ, ನನ್ನ ಬೆರಳನ್ನು ಹಿಡಿದು ಅದರ ಮೇಲೆ ಆಡಿಸಿ, “ಕೂಸಿನ ಕಿವಿ ಸವರಿದಂಗ ಐತೇನ್ರಿ?” ಎಂದು ಕೇಳುತ್ತಿದ್ದರು. ತೂಕ ಕತ್ತರಿಸಿ ಹಾಕಿದ ಜೋಡಿಗಿಂತ ತುಸು ಹೆಚ್ಚೇ ಆಯಿತು. ಅದನ್ನು ಒಪ್ಪಿಕೊಳ್ಳಲು ಅವರಿಗೆ ನಾಚಿಕೆಯಿರಲಿಲ್ಲ. ಆಮೇಲೆ ತಿಂಗಳಿಗೊಮ್ಮೆ ಪುಡಿ ಹಾಕಿ ನೋಡಿದರು. ಗೆರೆ ಮೂಡಲೇ ಇಲ್ಲ.

ಹೋದ ವರ್ಷ ಎದೆನೋವು ಬಂದು ಹುಚ್ಚರಾಯಪ್ಪ ತೀರಿಕೊಂಡರು. ಅದಕ್ಕೆ ಕೆಲವು ವಾರ ಮುಂಚೆ ನೆಂಟರ ಮದುವೆಗೆಂದು ಸೊರಬಕ್ಕೆ ಬಂದಿದ್ದರು. ಅಷ್ಟು ಕೆಲಸ ಮಾಡಿದವರು ಆ ಕಾರಿನಲ್ಲಿ ಒಮ್ಮೆಯೂ ಕೂತಿರಲಿಲ್ಲ. ಹಕ್ಕಿ ತೋರಿಸುತ್ತೇನೆಂದು ಗುಡವಿ ಪಕ್ಷಿಧಾಮಕ್ಕೆ ಕರೆದುಕೊಂಡು ಹೊರಟೆ. ಕೆರೆ ಬಂತು, ಮರಗಳ ತುಂಬ ಬಿಳಿ ಹಕ್ಕಿಗಳು. ಅವರು ತಲೆಯೆತ್ತಿದರೆ ತಾನೇ! ಬಾಗಿಲ ಮೇಲಿಂದ ಅರ್ಧ ಮೈ ಹೊರಗೆ ಬಗ್ಗಿಸಿ, ಮುಂದಿನ ಚಕ್ರ ಏಳುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದರು. “ಬೀಳ್ತೀರಿ, ಒಳಗೆ ಬನ್ನಿ ಮಾರಾಯ್ರೆ,” ಎಂದು ಕೂಗಿದೆ.

“ನೀವು ರಸ್ತೆ ನೋಡ್ರಿ,” ಎಂದರು ತಲೆಯೆತ್ತದೆ. “ಇನ್ನೊಂದು ಗುಂಡಿ ಎಲ್ಲೈತಿ ನೋಡ್ರಿ. ಸ್ವಲ್ಪ ದೊಡ್ಡದು.”