ಕುರ್ಚಿ ಪೇರಿಸಿದ ಕೋಣೆ, ಐಲಿ ಬರೆದ ಅಂಕಿ

ಬೆಳಗಿನ ಆರೂ ಹತ್ತು. ಗಣಿಶಾಸ್ತ್ರದ ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ ಐಲಿ ಹೌತಮಾಕಿ ಮಂಡಿಯೂರಿ ಕುಳಿತು ಅಳತೆಪಟ್ಟಿ ಎಳೆಯುತ್ತಿದ್ದಾರೆ. ಪಟ್ಟಿಯ ಒಂದು ತುದಿ ಗೋಡೆಗೆ, ಇನ್ನೊಂದು ತುದಿ ಮಡಚಿ ಒರಗಿಸಿದ ಕುರ್ಚಿಗಳ ಸಾಲಿಗೆ. ಬೂಟಿನ ಹಿಮ ಕರಗಿ ಪಕ್ಕದಲ್ಲಿ ಸಣ್ಣ ಮಡು ನಿಂತಿದೆ. ಅವರು ಕೈಗವಸು ಹಾಕಿಕೊಂಡೇ ಬರೆಯುತ್ತಾರೆ. ಅಕ್ಷರ ಸೊಟ್ಟ, ಅಂಕಿ ನೆಟ್ಟಗೆ.

"ಕುರ್ಚಿಗಳಿಗೆ ತೊಂಬತ್ತಾರು ಚದರ ಅಡಿ. ಇಡೀ ಕೋಣೆ ಆರುನೂರ ನಲವತ್ತು. ನೀವೇ ಹೇಳಿ, ಇದು ಉಗ್ರಾಣನಾ?"

ಉತ್ತರಕ್ಕೆ ಕಾಯದೆ ಎದ್ದು ನಿಲ್ಲುತ್ತಾರೆ. ಮಂಡಿ ಸದ್ದು ಮಾಡುತ್ತದೆ. ಅವರಿಗೆ ಅರವತ್ತಮೂರು ವರ್ಷ. ಒಂದು ಮಂಡಿ ಲೋಹದ್ದು.

ಸುಪೀರಿಯರ್ ಸರೋವರದ ದಂಡೆಯ ಕ್ವಾರಿ ಹಿಲ್ ವಿಶ್ವವಿದ್ಯಾಲಯದಲ್ಲಿ ನಲವತ್ತೊಂದು ಕಟ್ಟಡಗಳಿವೆ, ಎರಡು ಸಾವಿರದ ಮುನ್ನೂರ ಹದಿನೆಂಟು ಕೋಣೆಗಳಿವೆ. ಪ್ರತಿಯೊಂದಕ್ಕೂ ಮೂರಂಕಿಯ ಒಂದು ಸಂಖ್ಯೆ. 110 ಎಂದರೆ ತರಗತಿ, 210 ಎಂದರೆ ಪಾಠ ನಡೆಯುವ ಪ್ರಯೋಗಾಲಯ, 310 ಎಂದರೆ ಕಚೇರಿ, 730 ಎಂದರೆ ಉಗ್ರಾಣ. ಯಾವ ಕೋಣೆಗೆ ಎಷ್ಟು ಶಾಖ, ಎಷ್ಟು ದೀಪ, ವಾರಕ್ಕೆ ಎಷ್ಟು ಸಲ ಕಸಗುಡಿಸುವುದು, ಯಾವುದನ್ನು ವೇಳಾಪಟ್ಟಿಗೆ ಸೇರಿಸುವುದು, ಎಲ್ಲವೂ ಈ ಸಂಖ್ಯೆ ನೋಡಿಯೇ ತೀರ್ಮಾನವಾಗುತ್ತದೆ. ಸಂಖ್ಯೆ ಕೊಡುವವರು ಐಲಿ. ಪ್ರತಿ ಶರತ್ಕಾಲ ದಿನಕ್ಕೆ ನಲವತ್ತು ಕೋಣೆ, ಹದಿನಾಲ್ಕು ಸಾವಿರ ಹೆಜ್ಜೆ, ಒಂದು ಪಾಸ್ಟಿ. ಮಾಂಸ, ಆಲೂಗೆಡ್ಡೆ ತುಂಬಿದ ಆ ಕಡುಬಿನ ಮೇಲೆ ಕೆಚಪ್ ಸುರಿಯುವವರ ಜೊತೆ ಅವರು ಕೂತು ತಿನ್ನುವುದಿಲ್ಲ.

"ಬಾಗಿಲ ಮೇಲೆ ಏನು ಬರೆದಿದೆ ಅನ್ನೋದು ನಂಗೆ ಬೇಡ. ಒಳಗೆ ಯಾರು ಏನು ಮಾಡ್ತಾರೆ, ಅದು ಬೇಕು. ಮೂರನೇ ಮಹಡೀಲಿ ಒಂದು ಪ್ರಯೋಗಾಲಯ ಇದೆ. ಒಳಗಿರೋದು ಒಂದು ಮೈಕ್ರೋವೇವ್. ಪ್ರಯೋಗ ನಡೆಯೋದು ನಿನ್ನೆ ಮಿಕ್ಕ ಸೂಪಿನ ಮೇಲೆ ಮಾತ್ರ. ಅಡುಗೆಮನೆ ಅಂತ ಬರೆದೆ. ಪ್ರೊಫೆಸರು ಒಂದು ವರ್ಷ ಮಾತಾಡ್ಲಿಲ್ಲ."

ಐಲಿಗೆ ಎಂಟು ವರ್ಷವಿದ್ದಾಗ ಅಪ್ಪ ಇಳಿಯುತ್ತಿದ್ದ ತಾಮ್ರದ ಗಣಿ ಮುಚ್ಚಿತು. ಆಮೇಲೆ ಅಮ್ಮ ಇದೇ ಕಟ್ಟಡದ ನೆಲ ಒರೆಸಿ ಮನೆ ನಡೆಸಿದರು. ಹತ್ತೊಂಬತ್ತಕ್ಕೆ ಬೆರಳಚ್ಚು ಕೆಲಸಕ್ಕೆ ಸೇರಿದ ಮಗಳು, ಕೋಣೆಗಳ ಲೆಕ್ಕ ಇಡುವ ಸ್ಥಳ ಕಚೇರಿಯ ಮೂಲೆಯ ಮೇಜಿಗೆ ಬಂದು ಮೂವತ್ತೊಂದು ವರ್ಷವಾಯಿತು. ಜೂನ್‌ನಲ್ಲಿ ನಿವೃತ್ತಿ. ಅವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ಕೋಣೆಗಳ ಪಟ್ಟಿಯ ಕೊನೆಯ ಹಾಳೆಯಲ್ಲಿ, ಎಲ್ಲಕ್ಕಿಂತ ಕೆಳಗೆ, ಎರಡು ಅಕ್ಷರದ ಸಹಿ ಇರುತ್ತದೆ.

ಈ ನೆಲಮಾಳಿಗೆಯ ಕೋಣೆಯ ಸಂಖ್ಯೆ 730. ಏಳು ವರ್ಷದ ಹಿಂದೆ ಅದನ್ನು ಬರೆದವರೂ ಐಲಿಯೇ.

ಅವತ್ತು ಮಧ್ಯಾಹ್ನ ಹನ್ನೆರಡು ಗಂಟೆಗೆ, ದಿನದ ಇಪ್ಪತ್ತೆರಡನೇ ಕೋಣೆಯಾಗಿ ಇದರ ಬಾಗಿಲು ತೆರೆದರು. ಒಳಗೆ ಯಾರೂ ಇರಲಿಲ್ಲ. ಹಲಗೆ ಖಾಲಿ, ಮೇಷ್ಟರ ಮೇಜಿಲ್ಲ, ಇಪ್ಪತ್ತು ಕುರ್ಚಿಗಳು ಮಡಚಿ ಗೋಡೆಗೆ ಒರಗಿದ್ದವು. ಹತ್ತು ಸೆಕೆಂಡು ನೋಡಿ 730 ಎಂದು ಬರೆದು ಮುಂದಕ್ಕೆ ಹೋದರು.

ಅದು ತರಗತಿಯಾಗಿತ್ತು. ಶುಶ್ರೂಷೆ ಕಲಿಯುವವರಿಗೆ ಡೆಲ್ಮರ್ ಥಿಬಾಲ್ಟ್ ಅಲ್ಲಿ ಸನ್ನೆಭಾಷೆ ಕಲಿಸುತ್ತಿದ್ದರು. ಡೆಲ್ಮರ್‌ಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅವರ ಪಾಠದಲ್ಲಿ ಸಾಲಾಗಿ ಕೂರುವಂತಿಲ್ಲ, ಏಕೆಂದರೆ ಮುಂದಿನವನ ಬೆನ್ನು ಹಿಂದಿನವಳ ಕಣ್ಣಿಗೆ ಗೋಡೆ. ಎಲ್ಲರೂ ದುಂಡಗೆ ನಿಲ್ಲಬೇಕು, ಎಲ್ಲರಿಗೂ ಎಲ್ಲರ ಕೈ ಕಾಣಬೇಕು. ಹಾಗಾಗಿ ಕುರ್ಚಿ ಮಡಚಿ ಬದಿಗಿಡುವುದು ಅಲ್ಲಿ ಪಾಠದ ಮೊದಲ ಕೆಲಸ.

ಸಂಖ್ಯೆ ಬದಲಾದ ಮೇಲೆ ಕೋಣೆ ವೇಳಾಪಟ್ಟಿಯಿಂದ ಹೊರಬಿತ್ತು. ಸಮಾರಂಭ ವಿಭಾಗದವರು ತಮ್ಮ ನೂರಿಪ್ಪತ್ತು ಕುರ್ಚಿ ತಂದು ತುಂಬಿದರು. ಡೆಲ್ಮರ್ ತರಗತಿ ಚರ್ಚಿನ ಸಭಾಂಗಣಕ್ಕೆ ಹೋಯಿತು. ಅಲ್ಲಿ ನಡುವೆ ದಪ್ಪ ಕಂಬ. ಕಂಬದ ಹಿಂದೆ ನಿಂತವರಿಗೆ ಆ ದಿನ ಪಾಠವಿಲ್ಲ.

ಐಲಿಗೆ ವಿಷಯ ಗೊತ್ತಾದದ್ದು ಮರುವರ್ಷದ ಜನವರಿಯಲ್ಲಿ. ಚರ್ಚಿನ ಮಾರಾಟಕ್ಕೆಂದು ಏಲಕ್ಕಿ ಬ್ರೆಡ್ಡಿನ ತಟ್ಟೆ ಹಿಡಿದು ಒಳಗೆ ಕಾಲಿಟ್ಟಾಗ ಅದೇ ದೃಶ್ಯ. ಮಡಚಿ ಗೋಡೆಗೆ ಒರಗಿಸಿದ ಕುರ್ಚಿಗಳು. ಈ ಸಲ ಜೊತೆಗೆ ದುಂಡಗೆ ನಿಂತು ಸನ್ನೆ ಮಾಡುತ್ತಿದ್ದ ಹದಿನೆಂಟು ಜನ.

"ತಟ್ಟೆ ಎಲ್ಲಿಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ. ಹಾಗೇ ನಿಂತಿದ್ದೆ."

ಎರಡು ಚಳಿಗಾಲದ ನಂತರ ಡೆಲ್ಮರ್ ಕಾವಲುಗಾರರಿಂದ ಬೀಗದಕೈ ಪಡೆದು ತಮ್ಮವರನ್ನು ಹಳೆಯ ಕೋಣೆಗೇ ಕರೆತಂದರು, ನೂರಿಪ್ಪತ್ತು ಕುರ್ಚಿಗಳ ಪಕ್ಕಕ್ಕೆ. ಆದರೆ ಉಗ್ರಾಣಕ್ಕೆ ಸಿಗುವುದು ಕೊಳವೆ ಹೆಪ್ಪುಗಟ್ಟದಷ್ಟೇ ಶಾಖ, ಆರರಲ್ಲಿ ಎರಡೇ ದೀಪ. ಬಾಯಿಂದ ಮಾತಾಡುವವರು ಕಂಬಳಿ ಹೊದ್ದು, ಕತ್ತಲಲ್ಲಾದರೂ ಪಾಠ ಮುಗಿಸಬಹುದು. ಇಲ್ಲಿ ಕೈಗವಸು ಹಾಕಿದರೆ ಭಾಷೆಯೇ ಇಲ್ಲ. ಹತ್ತು ನಿಮಿಷಕ್ಕೊಮ್ಮೆ ಎಲ್ಲರೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ. ಆಗ ತರಗತಿ ಮೌನ.

ಇಷ್ಟು ವರ್ಷ ಇದನ್ನು ಸರಿಪಡಿಸಲಿಲ್ಲವೇಕೆ? ಐಲಿ ಸುತ್ತಿ ಬಳಸಿ ಹೇಳುವುದಿಲ್ಲ. "ಪ್ರತಿ ಸಲ ಮೇಲಿನವರು ನೋಡೋರು, ಕುರ್ಚಿ ಇವೆ, ಉಗ್ರಾಣ ಅನ್ನೋರು. ನಿಯಮಾನೂ ಹಂಗೇ ಇದೆ, ಯಾವ ಬಳಕೆ ಹೆಚ್ಚೋ ಕೋಣೆಗೆ ಅದರದ್ದೇ ಸಂಖ್ಯೆ. ನಿಜ ಹೇಳ್ಬೇಕಂದ್ರೆ ತಪ್ಪು ನಂದು ಅಂತ ಬರೀದೇ ಸರಿ ಮಾಡೋಕೆ ದಾರಿ ಹುಡುಕ್ತಿದ್ದೆ. ದಾರಿ ಇರ್ಲಿಲ್ಲ."

ಶುಕ್ರವಾರ ಸಂಜೆ ಐದಕ್ಕೆ ಈ ವರ್ಷದ ಪಟ್ಟಿ ಮುಚ್ಚುತ್ತದೆ. ಮುಂದಿನ ಪಟ್ಟಿ ತೆರೆಯುವ ಹೊತ್ತಿಗೆ ಐಲಿ ಇರುವುದಿಲ್ಲ. ಹೊಸಬರು ಬಾಗಿಲು ತೆರೆದು, ಕುರ್ಚಿ ನೋಡಿ, ಹಳೆಯ 730ನ್ನೇ ನಕಲು ಮಾಡುತ್ತಾರೆ. ಅದಕ್ಕೇ ಸೋಮವಾರದಿಂದ ಅವರು ಈ ಕೋಣೆಯ ಮೂಲೆಯಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಕೂತು ಗಂಟೆ ಎಣಿಸುತ್ತಿದ್ದಾರೆ. ಬೆಳಗಿನ ಪಾಠ ವಾರಕ್ಕೆ ಏಳೂವರೆ ಗಂಟೆ. ಮಧ್ಯಾಹ್ನದ ಅಭ್ಯಾಸ ಎಂಟು. ಬುಧವಾರ ಸಂಜೆ ಆಸ್ಪತ್ರೆ ಸಿಬ್ಬಂದಿಗೆ ಎರಡು. ಕುರ್ಚಿ ಒಯ್ಯಲು ಜನ ಬಂದದ್ದು ಎರಡು ಸಲ, ಒಟ್ಟು ನಲವತ್ತು ನಿಮಿಷ.

ಗುರುವಾರ, ಪಾಠ ಶುರುವಾಗುವ ಮುಂಚೆ, ಸಮಾರಂಭ ವಿಭಾಗದ ಗ್ಲೆನಿಸ್ ಟ್ರೆವಾರ್ಥನ್ ಬಾಗಿಲಲ್ಲಿ ನಿಲ್ಲುತ್ತಾರೆ. ಇಬ್ಬರದ್ದೂ ಮೂವತ್ತು ವರ್ಷದ ಸ್ನೇಹ.

"ಏನೇ ಐಲಿ, ನನ್ನ ಕುರ್ಚಿಗೆ ಕಾವಲು ಕೂತಿದ್ದೀಯಾ?"

"ಕುರ್ಚಿ ಏನ್ಮಾಡ್ತವೆ ಅಂತ ನೋಡ್ತಿದ್ದೀನಿ ಕಣೆ. ನಾಲ್ಕು ದಿನ ಆಯ್ತು, ಏನೂ ಮಾಡ್ಲಿಲ್ಲ."

"ಹಗಲೂ ರಾತ್ರಿ ಇಲ್ಲೇ ಇದಾವೆ. ವಾರಕ್ಕೆ ನೂರ ಅರವತ್ತೆಂಟು ಗಂಟೆ. ನಿನ್ನ ಹುಡುಗೀರು ಎಷ್ಟು ಗಂಟೆ ಇರ್ತಾರೆ?"

"ಹದಿನೇಳೂವರೆ."

"ಮತ್ತೆ? ಲೆಕ್ಕ ನೀನೇ ಮಾಡು."

"ನಿನ್ನ ಗಂಡ ದಿನಾ ಹದಿನಾರು ಗಂಟೆ ಆ ಸೋಫಾ ಮೇಲೆ ಇರ್ತಾನೆ. ಅವನನ್ನ ಪೀಠೋಪಕರಣ ಅಂತ ಬರೀಲಾ?"

ಗ್ಲೆನಿಸ್ ನಗು ತಡೆಯಲು ನೋಡುತ್ತಾರೆ, ಆಗುವುದಿಲ್ಲ. "ಬರೀ, ಸರಿಯಾಗೇ ಇರತ್ತೆ. ಆದ್ರೆ ಡಿಸೆಂಬರ್ ಪದವಿ ಸಮಾರಂಭಕ್ಕೆ ಈ ನೂರಿಪ್ಪತ್ತು ನಾನು ಎಲ್ಲಿಡ್ಲಿ, ತಲೆ ಮೇಲಾ?"

ಐಲಿ ಚೀಲದಿಂದ ಒಂದು ಹಾಳೆ ತೆಗೆದು ಕೊಡುತ್ತಾರೆ. ಐಸ್ ಹಾಕಿ ಅಂಗಣದ ಕೆಳಗೆ ಒಂದು ಕೋಣೆ, ನೂರ ಹತ್ತು ಚದರ ಅಡಿ. ಪಟ್ಟಿಯಲ್ಲಿ ಅದು ಕಚೇರಿ. ಒಳಗೆ ಆರು ವರ್ಷದಿಂದ ಯಾರೂ ಕೂತಿಲ್ಲ.

"ಇದನ್ನ ಮೊದ್ಲೇ ಹೇಳೋಕೇನಾಗಿತ್ತು?"

"ಹೋದ ವಾರ ಸಿಕ್ತು. ಮೂರು ದಿನ ಬೇರೆ ಬೇರೆ ಹೊತ್ತಲ್ಲಿ ಹೋಗಿ ಬಾಗಿಲು ತಟ್ಟಿ ನೋಡ್ದೆ."

ಶುಕ್ರವಾರ ಮಧ್ಯಾಹ್ನ ಸ್ಥಳ ಕಚೇರಿಯ ಮುಖ್ಯಸ್ಥರು, ಕೋಣೆಯನ್ನು 730ರಿಂದ 110 ಮಾಡಲು ಐಲಿ ಕೊಟ್ಟ ಅರ್ಜಿ ಓದುತ್ತಾರೆ. ವಯಸ್ಸಿನಲ್ಲಿ ಐಲಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಒಳ್ಳೆಯವರು. ಅಳತೆ ಸರಿ, ಗಂಟೆ ಸರಿ, ಗ್ಲೆನಿಸ್ ಒಪ್ಪಿಗೆಯೂ ಇದೆ. ಅವರ ಬೆರಳು ಕಾರಣದ ಅಂಕಣದಲ್ಲಿ ನಿಲ್ಲುತ್ತದೆ.

"ಐಲಿ, 'ಬಳಕೆ ಬದಲಾಗಿದೆ' ಅಂತ ಬರೀರಿ ಸಾಕು. ಎಲ್ಲರೂ ಅದನ್ನೇ ಬರೆಯೋದು. ಹೋಗೋ ಹೊತ್ತಲ್ಲಿ ನಿಮಗ್ಯಾಕೆ ಇದು?"

"ಬಳಕೆ ಬದಲಾಗಿಲ್ಲ. ಅವತ್ತೂ ಪಾಠಾನೇ, ಇವತ್ತೂ ಪಾಠಾನೇ. ನಾನು ಸರಿಯಾಗಿ ನೋಡ್ಲಿಲ್ಲ."

ಅಂಕಣದಲ್ಲಿ ಅವರು ಬರೆದಿರುವುದು ಇಷ್ಟೇ: ಹಿಂದಿನ ದಾಖಲೆ ತಪ್ಪು, ತಪ್ಪು ನನ್ನದು. ಕೆಳಗೆ ಎರಡು ಅಕ್ಷರ. ಮುಖ್ಯಸ್ಥರು ಸಹಿ ಮಾಡುತ್ತಾರೆ. ಆಗ ಗಂಟೆ ನಾಲ್ಕು ಇಪ್ಪತ್ತು.

ಮುಂದಿನ ಗುರುವಾರ, ಬೆಳಗಿನ ಆರೂವರೆ. ಆರೂ ದೀಪಗಳು ಉರಿಯುತ್ತಿವೆ. ಶಾಖದ ಕೊಳವೆ ಟಕ್ ಟಕ್ ಎನ್ನುತ್ತಿದೆ. ಅದು ಕೇಳಿಸದ ಒಬ್ಬರೇ ಒಬ್ಬರು ಡೆಲ್ಮರ್, ಮೊದಲು ಅಂಗೈ ಇಟ್ಟು ನೋಡಿದವರೂ ಅವರೇ. ಹತ್ತೊಂಬತ್ತು ಜನ ಕೋಟು ಕಳಚಿ ದುಂಡಗೆ ನಿಂತಿದ್ದಾರೆ. ಕುರ್ಚಿಗಳು ಇಪ್ಪತ್ತೇ, ಮಡಚಿ ಗೋಡೆಗೆ ಒರಗಿವೆ.

ಡೆಲ್ಮರ್ ಐಲಿಯನ್ನು ಕಂಡು ಎರಡು ಅಂಗೈಗಳನ್ನು ಒಂದಕ್ಕೊಂದು ಓರೆಯಾಗಿ ಒರಗಿಸುತ್ತಾರೆ, ಮಡಚಿಟ್ಟ ಎರಡು ಕುರ್ಚಿಗಳ ಹಾಗೆ. ಅವರ ಲೋಕದಲ್ಲಿ ಪ್ರತಿಯೊಬ್ಬರಿಗೂ ಕೈಯಲ್ಲಿ ಹೇಳುವ ಒಂದು ಹೆಸರಿರುತ್ತದೆ. ಅದನ್ನು ಕಿವಿ ಕೇಳದವರೇ ಕೊಡಬೇಕು, ಕೇಳಿ ಪಡೆಯುವಂತಿಲ್ಲ. ಇದು ಐಲಿಯ ಹೆಸರು. ಚರ್ಚಿನ ಕಂಬದ ಕಾಲದಲ್ಲಿ, ಸಿಟ್ಟಿನಲ್ಲಿ ಇಟ್ಟದ್ದು.

"ಈಗಲಾದ್ರೂ ಬದಲಾಯಿಸು ಅಂತ ಹೇಳಮ್ಮ ಅವನಿಗೆ," ಎನ್ನುತ್ತಾರೆ ಐಲಿ. ಅವರಿಗೆ ಸನ್ನೆ ಅರ್ಧಂಬರ್ಧ ಬರುತ್ತದೆ. ಮಾರ್ನಿ ಎಂಬ ವಿದ್ಯಾರ್ಥಿನಿ ಕೈಯಲ್ಲಿ ಹೇಳಿ, ಡೆಲ್ಮರ್ ಉತ್ತರವನ್ನು ಬಾಯಲ್ಲಿ ಹೇಳುತ್ತಾಳೆ. "ಹೆಸರು ಬದಲಾಗಲ್ವಂತೆ. ಅವರಿಗೆ ಆರು ವರ್ಷ ಇದ್ದಾಗ ಮೂಗು ಸುರೀತಿತ್ತಂತೆ, ಇವತ್ತಿಗೂ ಅವರಮ್ಮ ಕರೆಯೋದು ಅದೇ ಹೆಸರಿಂದಂತೆ."

ದುಂಡಗೆ ನಿಂತವರೆಲ್ಲ ಸದ್ದಿಲ್ಲದೆ ನಗುತ್ತಾರೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಆ ಹೆಸರು ನೋಡಿ, ಯಾಕೆ ಎಂದು ಕೈಯಲ್ಲೇ ಕೇಳುತ್ತಾಳೆ. ಡೆಲ್ಮರ್ ಏಳು ವರ್ಷದ ಹಿಂದಿನ ಮಧ್ಯಾಹ್ನದಿಂದ ಶುರು ಮಾಡುತ್ತಾರೆ. ತೆರೆಯುವ ಬಾಗಿಲು, ಹತ್ತು ಸೆಕೆಂಡು, ಬರೆಯುವ ಕೈ.

ಐಲಿ ಗೋಡೆಗೆ ಒರಗಿ ಪೂರ್ತಿ ನೋಡುತ್ತಾರೆ. ಜೂನ್ ನಂತರ ಏನು ಮಾಡುವಿರಿ ಎಂದರೆ ಭುಜ ಹಾರಿಸುತ್ತಾರೆ. ಆಸೆ ಒಂದೇ.

"ನನ್ನ ಜಾಗಕ್ಕೆ ಬರೋರನ್ನ ಮೊದಲನೇ ದಿನ ಇಲ್ಲಿಗೆ ಕರ್ಕೊಂಡು ಬರ್ತೀನಿ. ನನ್ನ ಹೆಸರು ಯಾಕೆ ಹಿಂಗಿದೆ ಅಂತ ಅವರು ಕೇಳ್ಬೇಕು, ಇವನು ಹೇಳ್ಬೇಕು. ಅದಕ್ಕೇ, ಬದಲಾಯಿಸ್ದೇ ಇದ್ರೆ ಇರ್ಲಿ ಬಿಡಿ."