ಬಾಡಿಗಿ ಮನ್ಯಾಗ ಸಾಯೋ ಹಂಗಿಲ್ಲ

ಹೈದರಾಬಾದಿನ್ಯಾಗ ಬಾಡಿಗಿ ಮನಿ ನೋಡಾಕ ಹೋದೋರು ಮೊದಲು ನೀರು ಕೇಳ್ತಾರ, ಗಾಡಿ ನಿಲ್ಲಿಸಾಕ ಜಾಗ ಕೇಳ್ತಾರ. ನಾ ಹಂಗಲ್ಲ. ಬಾಗಲದಾಗ ನಿಂತೇ ಕೇಳ್ತಿದ್ದೆ: "ನಮ್ಮ ಪೈಕಿ ಯಾರರ ಸತ್ರ ಹೆಣ ಒಳಗ ಇಟ್ಕೊಳ್ಳಾಕ ಬಿಡ್ತೀರೇನ್ರಿ?" ನಮ್ಮನಿಯವ್ರು ಆ ಕಡೆ ತಿರುಗಿ ಕೆಮ್ಮತಿದ್ರು. "ಮೊದಲು ನಮಸ್ಕಾರನರ ಮಾಡ ಮಾರಾಯ್ತಿ" ಅಂತ ಆಮ್ಯಾಲೆ ಬೈತಿದ್ರು. ಬೈಲಿ. ಆ ಪ್ರಶ್ನಿ ನನಗ ಸುಮ್ಮ ಸುಮ್ಮನ ಬಂದಿದ್ದಲ್ಲ.

ಆಗ ನಾವು ಮಲ್ಕಾಜ್‌ಗಿರಿಯೊಳಗ ಇದ್ವಿ. ಮ್ಯಾಲೆ ಮಾಲಕರು, ಕೆಳಗ ಮೂರು ಪೋರ್ಷನ್‌ದಾಗ ನಾವು ಮೂರು ಮನಿ ಬಾಡಿಗಿಯವ್ರು. ಗ್ವಾಡಿಗೆ ಮೊಳಿ ಹೊಡೆಯೋ ಹಂಗಿಲ್ಲ, ಮಾಳಗಿ ಮ್ಯಾಲೆ ಹಪ್ಪಳ ಒಣ ಹಾಕೋ ಹಂಗಿಲ್ಲ, ಅವರು ಮೋಟರ್ ಹಾಕಿದಾಗಷ್ಟ ನಮಗ ನೀರು. ಅದನ್ನೆಲ್ಲಾ ನುಂಗಿಕೊಂಡಿದ್ವಿ. ಮಾಲಕರ ತಂದಿ ತೀರಿಕೊಂಡಾಗ ಗಲ್ಲಿ ತುಂಬ ಶಾಮಿಯಾನಾ ಹಾಕಿಸಿದ್ರು. ಸತ್ತವರ ಮಗಳು ಊರಿಂದ ಬರೋತನಕ ಹೆಣ ಮ್ಯಾಲಿನ ಹಾಲಿನ್ಯಾಗ ಇತ್ತು. ಬಂದ ಮಂದಿಗೆ ಚಹಾ ಕಾಸಿದವ್ರು ನಾವು ಕೆಳಗಿನವ್ರು. ನಮ್ಮತ್ತಿಯವ್ರು ಮುಂಜಾನಿಂದ ಮಾಲಕರ ತಾಯಿ ಕೈ ಹಿಡ್ಕೊಂಡು ಕುಂತಿದ್ರು. ನೆರಿಹೊರಿ ಅಂದ್ಮ್ಯಾಲೆ ಅಷ್ಟರ ಮಾಡಬೇಕಲ್ಲ.

ಮುಂದ ಅತ್ತಿಯವ್ರಿಗೆ ಎದಿ ಕಟ್ಟಿ ದವಾಖಾನಿ ಸೇರಿದ್ರು. ಡಾಕ್ಟರು, "ವಯಸ್ಸಾಗೈತಿ, ಇನ್ನ ಮನ್ಯಾಗ ಇಟ್ಕೊಂಡು ನೋಡ್ಕೊಳ್ರಿ" ಅಂದ್ರು. ಆಟೋದಾಗ ತೊಡಿ ಮ್ಯಾಲೆ ಮಲಗಿಸಿಕೊಂಡು ಬಂದ್ರ, ಮಾಲಕರು ಗೇಟಿಗೆ ಕೈ ಅಡ್ಡ ಇಟ್ಟು ನಿಂತಾರ!

"ಡಾಕ್ಟರ್ ಕೈಬಿಟ್ಟೋರನ್ನ ಒಳಗ ತರಬ್ಯಾಡ್ರಿ. ಇಲ್ಲೇ ಏನರ ಆತಂದ್ರ ಮನಿ ಮೈಲಿಗಿ ಆಗ್ತೈತಿ. ಸತ್ತ ಗಳಿಗಿ ನಕ್ಷತ್ರ ಕೆಟ್ಟಿತ್ತಂದ್ರ ಮನಿಗೆ ತಿಂಗಳಾನುಗಟ್ಟಲೆ ಕೀಲಿ ಹಾಕಬೇಕು. ನಿಮ್ಮೂರಿಗೆ ಕರ್ಕೊಂಡು ಹೋಗ್ರಿ" ಅಂತ ತೆಲುಗಿನ್ಯಾಗ ಅಂದ್ರು.

ಊರಾಗ ನಮ್ಮದೇನೈತಿ? ಮಾವನವ್ರ ಕಾಲಕ್ಕ ಬೀದರ ಬಿಟ್ಟು ಬಂದೋರು ನಾವು. ಈ ಕಡೆ ಇದು ಹೊಸಾದೂ ಅಲ್ಲ. ಬಾಡಿಗಿಯವ್ರ ಹೆಣ ಒಳಗ ಬಿಡದ, ರಸ್ತಾ ಬಾಜೂಕ ತಾಡಪತ್ರಿ ಕಟ್ಟಿ ಇಟ್ಕೊಂಡು ಅತ್ತವ್ರನ್ನ ನಮ್ಮ ಗಲ್ಲಿಯಾಗ ಕಣ್ಣಾರೆ ನೋಡೀವಿ. ಅತ್ತಿಯವ್ರೂ ನೋಡಿದ್ರು. ಅವರಿಗೆ ಸಾಯೋ ಅಂಜಿಕಿ ಇರಲಿಲ್ಲ, ಆ ರಸ್ತಾದ ಅಂಜಿಕಿ ಭಾಳ ಇತ್ತು.

"ನಿಮ್ಮ ಅಪ್ಪಾರನ್ನ ಇದ ಮನ್ಯಾಗ ಮಲಗಿಸಿದ್ರಲ್ರಿ, ಆವಾಗ ಮೈಲಿಗಿ ಎಲ್ಲಿ ಹೋಗಿತ್ತು?" ಅಂದೆ.

"ಅದು ನಮ್ಮ ಸ್ವಂತ ಮನಿ."

ನನ್ನ ಮೈ ಉರಿದು ಹೋತು. "ಕೈ ತಗೀರಿ!" ಅಂತ ಚೀರಿದೆ. ಬಾಜೂ ಪೋರ್ಷನ್ನಿನ ರೈಲ್ವೆದವ್ರ ಹೆಂಡತಿ, ಯಾರ ತಂಟಿಗೂ ಹೋಗದ ಹೆಣ್ಮಗಳು, ಹಿಟ್ಟಿನ ಕೈಲೆ ಹೊರಗ ಬಂದ್ಲು. "ಅಮ್ಮನ್ನ ಒಳಗ ಬಿಡಲಿಲ್ಲಂದ್ರ ನಾವೂ ಖಾಲಿ ಮಾಡ್ತೀವಿ. ನಾಳೆ ನಮ್ಮ ತಾಯಿಗೂ ಹಿಂಗ ಅಂತೀರಿ" ಅಂತ ಮಾಲಕರ ಮಾರಿಗೇ ಅಂದ್ಲು. ಮೂರನೇ ಪೋರ್ಷನ್ನಿನ ಅಣ್ತಮ್ಮರು, ಪಟಾನ್‌ಚೆರು ಫ್ಯಾಕ್ಟರಿಗೆ ಹೋಗೋರು, ಕುರ್ಚಿ ತಂದು ಅತ್ತಿಯವ್ರನ್ನ ಕುಂಡ್ರಿಸಿ, ಕುರ್ಚಿ ಸಮೇತ ಎತ್ತಿದ್ರು. ಮೂರೂ ಪೋರ್ಷನ್ ಒಮ್ಮೆಲೆ ಖಾಲಿ ಬಿದ್ದಾವು ಅಂತ ಮಾಲಕರಿಗೂ ಎದಿ ಝಲ್ ಅಂದಿರಬೇಕು. ಸರಿದು ನಿಂತು, "ಬ್ಯಾರೆ ಮನಿ ನೋಡ್ಕೊಳ್ರಿ" ಅಂದು ಮ್ಯಾಲೆ ಹೋದ್ರು.

ಅತ್ತಿಯವ್ರು ಗಂಜಿ ಕುಡ್ಕೋತ ಮೆಲ್ಲಕ ಚೇತರಿಸ್ಕೊಂಡ್ರು. ಆದ್ರ ಒಂದು ಚೀಲ ಕಟ್ಟಿ ಬಾಗಲ ಬಾಜೂಕ ಇಟ್ಕೊಂಡ್ರು. ಅದರಾಗ ಒಂದು ಸೀರಿ, ವಿಭೂತಿ ಗಟ್ಟಿ. "ಉಸಿರು ಸಣ್ಣದಾತಂದ್ರ ನನ್ನ ಲಗೂನ ದವಾಖಾನಿಗೆ ಒಯ್ರಿ. ಈ ಮನ್ಯಾಗ ಸತ್ತು ನಿಮ್ಮನ್ನ ಬೀದಿಗೆ ಹಾಕಂಗಿಲ್ಲ" ಅಂತಿದ್ರು. ಆ ಚೀಲ ನೋಡಿದಾಗೊಮ್ಮೆ ನನಗ ಅಳು ಬರ್ತಿತ್ತು, ಅದರ ಹಿಂದ ಸಿಟ್ಟೂ ಬರ್ತಿತ್ತು. ಅದಕ್ಕ ಹೊಸಾ ಮನಿ ಹುಡುಕಾಕ ಹೋದಲ್ಲೆಲ್ಲಾ ಮೊದಲು ಆ ಪ್ರಶ್ನಿ ಕೇಳ್ತಿದ್ದೆ.

ಎಷ್ಟು ಬಾಗಲಾ ಮುಚ್ಚಿದುವೋ! ಒಬ್ಬಾಕಿ "ಬಿಡ್ತು ಅನ್ನಮ್ಮಾ" ಅಂದು ಒಳಗ ಹೋದಾಕಿ ಹೊರಗ ಬರಲೇ ಇಲ್ಲ. ಕಡೀಕ ರೈಲ್ವೆ ಹಳಿ ಆಚಿ ಒಂದು ಹಳೇ ಮನಿ ಸಿಕ್ತು. ಮಾಲಕಿ ಮುದುಕಿ ಕಟ್ಟಿ ಮ್ಯಾಲೆ ಕುಂತು ಹುಣಸಿಹಣ್ಣು ಬಿಡಿಸಾಕತ್ತಿದ್ಲು. ಕೇಳಿದೆ. ಆಕಿ ಕೈಕೆಲಸ ನಿಲ್ಲಿಸಲಿಲ್ಲ.

"ಮನುಷ್ಯಾರಿಗೆ ಬಾಡಿಗಿ ಕೊಡಾಕತ್ತೀನಿ ಬೇಟಾ" ಅಂತ ದಖನಿ ಉರ್ದುದಾಗ ಅಂದ್ಲು. "ಇದ್ದೋರು ಒಂದಿನ ಹೋಗ್ತಾರ. ಹೊರಗ ಹಾಕಾಕ ನಾ ಯಾರು? ಮೊಳಿ ಹೊಡೀಬೇಕಂದ್ರ ಹೊಡ್ಕೋ, ಗ್ವಾಡಿ ಹಳೇದೈತಿ, ಜ್ವಾಕಿ."

ನಾ ಅಲ್ಲೇ ಆಕಿ ಬಾಜೂಕ ಕುಂತು ಅತ್ತುಬಿಟ್ಟೆ. ನಮ್ಮನಿಯವ್ರು ಈ ಸಲ ಕೆಮ್ಮಲಿಲ್ಲ.

ಮನಿ ಹೊಕ್ಕ ದಿನ ಅತ್ತಿಯವ್ರು ಮಾಲಕಿ ಮಾತನ್ನ ನನ್ನ ಬಾಯಿಲೆ ಮತ್ತ ಹೇಳಿಸಿದ್ರು. "ಖರೇನ ಹಂಗ ಅಂದ್ಲಾ?"

"ಖರೇನ್ರೀ ಅತ್ತಿ."

ಎದ್ದು ಹೋಗಿ ಚೀಲ ಬಿಚ್ಚಿದ್ರು. ಸೀರಿ ಹಗ್ಗದ ಮ್ಯಾಲೆ ಹಾಕಿದ್ರು, ವಿಭೂತಿ ದೇವರ ಜಗಲಿ ಮ್ಯಾಲೆ ಇಟ್ರು. ಕಿಟಕಿ ಬಾಜೂಕ ಕೌದಿ ಹಾಸ್ಕೊಂಡು ಕಾಲು ಚಾಚಿದ್ರು.

"ಇನ್ನ ನನಗೇನೂ ಅವಸರಿಲ್ಲ ತಗಿ" ಅಂದ್ರು. "ಹಸಿವಿ ಆಗೈತಿ, ರೊಟ್ಟಿ ಬಡಿ."