ಹಿಟ್ಟಿನ ಗಿರಣಿ ಮುಂದೆ ನಿಲ್ಲುವ ಕಾರು

ಹೋದ ರವಿವಾರ ನಾನೊಬ್ಬ ಕಳ್ಳನನ್ನು ಹಿಡಿದೆ. ಹಾಡಹಗಲು, ಹತ್ತು ಮಂದಿಯ ಮುಂದೆ, ಸಾಕ್ಷಿ ಸಮೇತ. ಆ ಖುಷಿ ಒಂದು ತಾಸೂ ಉಳಿಯಲಿಲ್ಲ. ಆಮೇಲೆ ಬಿದ್ದ ಪೆಟ್ಟಿನಿಂದ ಇವತ್ತಿಗೂ ಸರಿಯಾಗಿ ಊಟ ಸೇರುತ್ತಿಲ್ಲ.

ನಮ್ಮ ಮನೆಯ ಕಪ್ಪು ಕಾರು ಈ ಅಂಕಣ ಓದುವ ನಿಮಗೆ ಗೊತ್ತಿರಬೇಕು. ಬಾಗಲಕೋಟೆಯ ನಮ್ಮ ಓಣಿಯವರು ಅದಕ್ಕೆ 'ಕರೆವ್ವ' ಎಂದು ಹೆಸರಿಟ್ಟಿದ್ದಾರೆ. ಅಪ್ಪ ವಕೀಲಿಕೆ ಮಾಡುತ್ತಿದ್ದಾಗ ಕೊಂಡದ್ದು. ಅವತ್ತಿನಿಂದ ಇವತ್ತಿನವರೆಗೆ ಅದನ್ನು ಓಡಿಸುತ್ತಿರುವವರು ಇಮಾಮಸಾಬ. ನನಗೆ ಸೈಕಲ್ ಕಲಿಸಿದವರೂ ಅವರೇ. ನಾನು ಅವರನ್ನು 'ಕಾಕಾ' ಅನ್ನುತ್ತೇನೆ. ಅವರು ನನ್ನನ್ನು 'ತಮ್ಮಾ' ಅನ್ನುತ್ತಾರೆ. (ಅನ್ನುತ್ತಿದ್ದರು ಅಂತ ಬರೆಯಬೇಕೇನೋ.)

ಕಾಕಾ ಇತ್ತೀಚೆಗೆ ಒಂದು ರೂಢಿ ಮಾಡಿಕೊಂಡಿದ್ದರು. ಬೆಳಿಗ್ಗೆ ಕಾರಿನ ಬಾಗಿಲು ತೆಗೆದವರೇ ಬಗ್ಗಿ, ಸೀಟಿನ ಕೆಳಗೆ ಕೈ ಹಾಕಿ, 'ಬಿಸ್ಮಿಲ್ಲಾ' ಎಂದು ಆಮೇಲೆ ಕೂರುವುದು. ಸಂಜೆ ಇಳಿಯುವಾಗಲೂ ಹಾಗೆಯೇ. ಅನ್ನ ಕೊಡುವ ಗಾಡಿಗೆ ನಮಸ್ಕಾರ ಮಾಡುತ್ತಾರೆ ಅಂತ ನಾನು ತಿಳಿದಿದ್ದೆ. ಕಾಲೇಜಿನಲ್ಲಿ ಫಿಜಿಕ್ಸ್ ಕ್ಲಾಸಿನ ನಡುವೆ ಪಾಠ ಬಿಟ್ಟು ಹುಡುಗರಿಗೆ, 'ಕಾಯಕದ ಭಕ್ತಿ ಅಂದ್ರೆ ಇದು' ಎಂದು ಉಪದೇಶವನ್ನೂ ಮಾಡಿದ್ದೆ.

ನಾನೂ ಹೋದ ವರ್ಷ ಡ್ರೈವಿಂಗ್ ಕಲಿತೆ. ಚೆನ್ನಾಗಿಯೇ ಓಡಿಸುತ್ತೇನೆ (ಅಂತ ಹೋದ ರವಿವಾರದವರೆಗೆ ನಂಬಿದ್ದೆ). ದೀಪಾವಳಿಯ ಮುಂದೆ ಇಳಕಲ್ಲಿನಲ್ಲಿ ಒಂದು ಸಣ್ಣ ಎಡವಟ್ಟಾಗಿತ್ತು, ಅಷ್ಟೇ. ಸೀರೆ ತರಲು ನಾನು, ಕಾಕಾ ಇಬ್ಬರೇ ಹೋಗಿದ್ದೆವು. ಕಾಕಾ ನೇಕಾರರ ಮನೆ ವಿಚಾರಿಸಲು ಇಳಿದು ಮುಂದೆ ಹೋಗಿದ್ದರು. ನನಗೆ ತಡೆಯಲಾಗಲಿಲ್ಲ. ಸ್ಟೀರಿಂಗ್ ಹಿಂದೆ ಕೂತು ಓಣಿಯೊಳಗೆ ಬಿಟ್ಟೇಬಿಟ್ಟೆ. ಅಲ್ಲಿ ಸೀರೆಯ ಹಾಸನ್ನು, ಅಂದರೆ ಉದ್ದದ ನೂಲನ್ನು, ರಸ್ತೆಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಕರೆವ್ವ ಹೋಗಿ ಅದರಲ್ಲಿ ಮೂಗು ತೂರಿಸಿದಳು. ಕೂಗಾಟ, ಓಡಾಟ! ನಾನು ನಾಚಿಕೆಯಿಂದ ಕಾರಿನಿಂದ ಇಳಿಯಲೇ ಇಲ್ಲ. ಕಾಕಾ ಬಂದು, 'ನೂಲು ಹರದಾವ ತಮ್ಮಾ, ನೀ ಸರಿ, ನಾ ಓಡಸ್ತೇನಿ' ಅಂದರು. ಅಲ್ಲಾ, ಎಳೆ ನೂಲು ಯಾರ ಕಣ್ಣಿಗೆ ಕಾಣುತ್ತದೆ ಹೇಳಿ? ಈ ಕಥೆಯನ್ನು ಸ್ಟಾಫ್ ರೂಮಿನಲ್ಲಿ ನಾಲ್ಕು ಸಲ ಹೇಳಿ ಎಲ್ಲರನ್ನೂ ನಗಿಸಿದ್ದೇನೆ.

(ಕಣ್ಣಿನ ಡಾಕ್ಟರು ಚಷ್ಮಾಕ್ಕೆ ಚೀಟಿ ಬರೆದುಕೊಟ್ಟು ಒಂದು ವರ್ಷವಾಯಿತು. ಚೀಟಿ ಮೇಜಿನ ಖಾನೆಯಲ್ಲಿದೆ. ಚಷ್ಮಾ ಹಾಕಿದರೆ ನಾನು ಹತ್ತು ವರ್ಷ ಮುದುಕನಾಗಿ ಕಾಣುತ್ತೇನೆ ಎಂಬುದು ನನ್ನ ಖಚಿತ ಅಭಿಪ್ರಾಯ.)

ಈಗ ಕಾರಿನ ರೋಗಕ್ಕೆ ಬರೋಣ. ರವಿವಾರ ಕಾಕಾನಿಗೆ ರಜೆ. ಆವತ್ತು ನಾನು ಕಾರು ತೆಗೆದರೆ ಎಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತದೆ. ಓಣಿ ದಾಟುತ್ತದೆ. ಹಿಟ್ಟಿನ ಗಿರಣಿ ಮುಂದೆ ಬರುತ್ತಿದ್ದಂತೆ ಎರಡು ಸಲ ಕೆಮ್ಮಿ ನಿಂತುಬಿಡುತ್ತದೆ. ಒಂದು ರವಿವಾರ ಹೀಗಾಯಿತು. ಮರುವಾರವೂ ಆಯಿತು. ಎರಡೂ ಸಲ ಕಾಕಾ ಬಂದು, 'ಬಿಸಿ ಆಗೈತಿ ತಮ್ಮಾ' ಎಂದು ಕೂತು, ಸ್ವಲ್ಪ ಹೊತ್ತು ಸೆಲ್ಫ್ ಹೊಡೆದು, ಸಲೀಸಾಗಿ ಮನೆಗೆ ತಂದು ನಿಲ್ಲಿಸಿದರು. ಎರಡು ನಿಮಿಷ ಓಡಿದ ಎಂಜಿನ್ ಬಿಸಿಯಾಗುತ್ತದೆಯೇ?

ಮೂರನೆಯ ರವಿವಾರ ಬಾದಾಮಿಗೆ ಹೊರಟಿದ್ದೆವು. ಪಕ್ಕದಲ್ಲಿ ನನ್ನ ಹೆಂಡತಿ ಶಾಂತಾ. ಹಿಂದಿನ ಸೀಟಿನಲ್ಲಿ ನಮ್ಮ ಕೆಮಿಸ್ಟ್ರಿ ಸರ್ ದಂಪತಿ, ತೊಡೆಯ ಮೇಲೆ ರೊಟ್ಟಿ ಬುತ್ತಿ. ಗಿರಣಿ ಬಂತು. ಕೆಮ್ಮಿತು. ನಿಂತಿತು.

ಮಂದಿ ಸೇರಲು ಎಷ್ಟು ಹೊತ್ತು? ಒಬ್ಬ, 'ಪ್ಲಗ್ಗಿಗೆ ಕರಿ ಹಿಡದೈತ್ರಿ' ಅಂದ. ಇನ್ನೊಬ್ಬ, 'ಬ್ಯಾಟ್ರಿ ಸತ್ತೈತಿ' ಅಂದ. 'ಡ್ಯಾಮಿನ ನೀರಾಗ ಊರಽ ಮುಳಗಾಕ ಹತ್ತೈತಿ, ನಿಮ್ಮ ಕಾರಿನದೇನ ಹಚ್ಚೀರಿ ಸರ' ಎಂದು ಒಬ್ಬ ಅಜ್ಜ ಸಮಾಧಾನ ಹೇಳಿದ.

ಗ್ಯಾರೇಜಿನ ಈರಪ್ಪ ಮೇಸ್ತ್ರಿ ಬಂದ. ಬಾನೆಟ್ ಎತ್ತಿದ. ಪ್ಲಗ್ ಬಿಚ್ಚಿದ, ಕಿಡಿ ಚೆನ್ನಾಗಿತ್ತು. ಟ್ಯಾಂಕಿಗೆ ಕಡ್ಡಿ ಬಿಟ್ಟ, ಪೆಟ್ರೋಲ್ ಅರ್ಧಕ್ಕಿಂತ ಮೇಲಿತ್ತು. ಸೀಸೆಯಲ್ಲಿ ಚೂರು ಪೆಟ್ರೋಲ್ ತಂದು ಕಾರ್ಬೊರೇಟರಿಗೆ ಹಾಕಿ, 'ಹೊಡೀರಿ ಸೆಲ್ಫ್' ಅಂದ. ಎಂಜಿನ್ ಗರ್ಜಿಸಿತು. ಒಂದು ನಿಮಿಷ ಓಡಿ ಮತ್ತೆ ಸತ್ತಿತು. ಇನ್ನೊಮ್ಮೆ ಹಾಕಿದ. ಅದೇ ಕಥೆ.

'ಎಂಜಿನ್ ಖಡಕ್ ಐತ್ರಿ ಸರ್. ನಾವು ಬಾಯಿಗೆ ಹಾಕಿದ್ರ ಕುಡೀತೈತಿ, ಟ್ಯಾಂಕಿನಿಂದ ಬರವಲ್ದು' ಅಂದ. ಪೆಟ್ರೋಲ್ ಪೈಪ್ ಬಿಚ್ಚಿ ಗಲ್ಲ ಉಬ್ಬಿಸಿ ಊದಿದ. ಗಾಳಿ ಹೋಗಲಿಲ್ಲ. 'ನಡಬರಕ ಎಲ್ಲೋ ಕಟ್ಟೈತಿ. ಹುಡುಕಬೇಕ್ರಿ.'

ಅವನು ಹುಡುಕಲು ಕಾರಿನ ಕೆಳಗೆ ತೂರಿದ. ನಾನು ವಿಜ್ಞಾನಿ, ಸುಮ್ಮನೆ ನಿಲ್ಲುತ್ತೇನೆಯೇ? ತರ್ಕ ಹಚ್ಚಿದೆ. ಕಾರು ಅದೇ. ಪೆಟ್ರೋಲ್ ಅದೇ. ರಸ್ತೆ ಅದೇ. ಆರು ದಿನ ಓಡುತ್ತದೆ, ಏಳನೆಯ ದಿನ ನಿಲ್ಲುತ್ತದೆ. ಬದಲಾಗುವುದು ಡ್ರೈವರ್ ಒಬ್ಬನೇ. ಅಂದರೆ? ಕಾಕಾ ಏನೋ ಮಾಡಿ ಹೋಗುತ್ತಿದ್ದಾರೆ. ಯಾಕೆ ಮಾಡುತ್ತಾರೆ? ನಾನು ಓಡಿಸಿದರೆ ಅವರ ಯಾವುದೋ ಹುಳುಕು ಹೊರಗೆ ಬೀಳುತ್ತದೆ. ತಲೆಗೆ ಏರಿತು ನೋಡಿ. ಗಿರಣಿಯವನನ್ನು ಅಟ್ಟಿ ಕಾಕಾನನ್ನು ಕರೆಸಿದೆ. ಎರಡು ಓಣಿ ಆಚೆ ಅವರ ಮನೆ. ಉಣ್ಣುವ ಹೊತ್ತಿಗೆ ಎದ್ದು ಬಂದಿದ್ದರು, ಕೈ ಇನ್ನೂ ಹಸಿಯಿತ್ತು.

'ನಾ ತಗೊಂಡಾಗಷ್ಟ ಗಾಡಿ ಯಾಕ ನಿಲ್ಲತೈತಿ?' ಅಂದೆ.

ಕಾಕಾ ಕಾರು ನೋಡಿದರು. ಕೆಳಗಿದ್ದ ಮೇಸ್ತ್ರಿಯ ಕಾಲು ನೋಡಿದರು. 'ನನಗ ಹೇಳಾಕ ಬರೂದಿಲ್ಲ ತಮ್ಮಾ.'

'ಬರೂದಿಲ್ಲೋ, ಹೇಳೂದಿಲ್ಲೋ? ಪೆಟ್ರೋಲ್ ಕದಿಯಾಕ ಏನ್ ಹಿಕಮತ್ ಮಾಡಿಟ್ಟೀಯೋ ಇಮಾಮಸಾಬ? ಇಷ್ಟ ವರ್ಷ ನಮ್ಮನಿ ಅನ್ನ ತಿಂದು ಕಳ್ಳತನ ಮಾಡಾಕ ನಾಚಿಕಿ ಬರೂದಿಲ್ಲೇನು ನಿನಗ?'

ನಾನು 'ಕಾಕಾ' ಅನ್ನಲಿಲ್ಲ. 'ನೀವು' ಅನ್ನಲಿಲ್ಲ. ಅದನ್ನು ನಾನೇ ನನ್ನ ಕಿವಿಯಿಂದ ಕೇಳಿಸಿಕೊಂಡೆ. ಅಷ್ಟಾದರೂ ನಿಲ್ಲಿಸಲಿಲ್ಲ, ಇನ್ನೂ ಏನೇನೋ ಅಂದೆ. ಶಾಂತಾ ನನ್ನ ತೋಳು ಜಗ್ಗಿ, 'ಏನ್ ಮಾತ್ರಿ ಇವು?' ಅಂದಳು.

ಅವರು ಅಂಗಿಯ ಕಿಸೆಯಿಂದ ಕಾರಿನ ಇನ್ನೊಂದು ಚಾವಿ ತೆಗೆದು ಮಡ್‌ಗಾರ್ಡ್ ಮೇಲೆ ಇಟ್ಟರು. 'ಆತ್ರಿ, ಸರ್' ಅಂದರು. ಹೋದರು.

ಸರ್! ನನ್ನ ಜನ್ಮದಲ್ಲಿ ಅವರು ನನಗೆ ಹಾಗೆ ಅಂದಿರಲಿಲ್ಲ.

ಅಷ್ಟರಲ್ಲಿ ಮೇಸ್ತ್ರಿ ಪೈಪಿನ ಜಾಡು ಹಿಡಿದು ಮೇಲೆದ್ದು, ಡ್ರೈವರ್ ಸೀಟು ಕಿತ್ತು, ಮ್ಯಾಟ್ ಎತ್ತಿದ. 'ಸರ್, ಇಲ್ಲಿ ಬರ್ರಿ.' ಹೆಬ್ಬೆಟ್ಟಿನಷ್ಟು ಹಿತ್ತಾಳೆಯ ನಳ, ಪುಟ್ಟ ನಲ್ಲಿ! ಪೆಟ್ರೋಲ್ ಪೈಪಿನ ನಡುವೆ ಕೂರಿಸಿತ್ತು. ಮುಚ್ಚಿತ್ತು. ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲಿನಿಂದ ಸ್ಟಾರ್ಟ್ ಆಗುತ್ತಿತ್ತು, ಅದು ತೀರುವ ಹೊತ್ತಿಗೆ ಗಿರಣಿ ಬರುತ್ತಿತ್ತು. ನಳದ ಸಂದಿಗೆ ಸೋರದಂತೆ ಕೆಂಪು ನೂಲು ಸುತ್ತಿ ಸಾಬೂನು ಮೆತ್ತಿದ್ದರು.

'ಇದು ಇಮಾಮಸಾಬರ ಕೈ ಕೆಲಸ ನೋಡ್ರಿ. ಊರಾಗ ಇಷ್ಟ ಚಂದ ನೂಲು ಸುತ್ತವ್ರು ಅವರೊಬ್ರ' ಎಂದ ಮೇಸ್ತ್ರಿ ನಳ ತಿರುಗಿಸಿದ. ಎಂಜಿನ್ ಸ್ಟಾರ್ಟ್ ಆಯಿತು. ನಿಲ್ಲಲಿಲ್ಲ.

'ಹೇಳಿದ್ನಲ್ಲಾ!' ಎಂದು ಕೆಮಿಸ್ಟ್ರಿ ಸರ್ ಕಡೆ ತಿರುಗಿ ಬೀಗಿದೆ. ಬಾದಾಮಿ ಹಾಳಾಗಿ ಹೋಗಲಿ ಅಂತ ಮನೆಗೆ ಓಡಿದೆ. ಅಪ್ಪ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು.

'ಅಪ್ಪಾ, ನಿಮ್ಮ ಇಮಾಮಸಾಬ ಗಾಡ್ಯಾಗ ಕಳ್ಳ ನಳ ಕುಂಡ್ರಿಸ್ಯಾನ!'

'ಗೊತ್ತೈತಿ. ನಾನಽ ಹೇಳಿ ಹಾಕಿಸೀನಿ.'

'ಅವನ ಮ್ಯಾಲೆ ಸಂಶಯ ಇತ್ತಂದ್ರ ನನಗೊಂದು ಮಾತು ಹೇಳಬಾರದೇನ್ರಿ?'

ಅಪ್ಪ ಪೇಪರ್ ಮಡಚಿದರು. 'ಅವನ ಮ್ಯಾಲೆ ಯಾಕ ಸಂಶಯ? ನಳ ತೆಗಿಯಾಂವನೂ ಅವನಽ, ಮುಚ್ಚಾಂವನೂ ಅವನಽ. ಅದು ನಿನ್ನ ಸಲುವಾಗಿ ಹಾಕಿಸಿದ್ದು.'

'ನನ್ನ ಸಲುವಾಗಿ?'

'ಇಳಕಲ್ಲಾಗ ಏನಾತು ಹೇಳು.'

'ನಾಕ ಎಳಿ ನೂಲು...'

'ಹಾಸಿನ ಕೆಳಗ ಒಬ್ಬಾಕಿ ಮುದುಕಿ ಕುಂತಿದ್ಲು, ಹರದ ಎಳಿ ಕೂಡಸಾಕ. ಕಂಡ್ಲೇನು ನಿನಗ? ಇಮಾಮ ಹಾರಿ ಆಕೀನ ಎಳಕೊಂಡಾಗ ನಿನ್ನ ಗಾಲಿ ಒಂದ ಗೇಣಿನಾಗ ನಿಂತಿತ್ತು. ನಿನಗ ಹೇಳಬ್ಯಾಡ ಅಂತ ನಾನಽ ಅವನ ಕಡಿಂದ ಮಾತು ತಗೊಂಡೆ. ಚಷ್ಮಾ ಹಾಕೋ ಅಂತ ನೂರ ಸಲ ಹೇಳೀನಿ. ಕೇಳಿದೇನು? ಗಾಡಿ ಬಿಡು ಅಂದ್ರ ಬಿಡಾವೇನು ನೀ?'

ಅಪ್ಪನ ಮುಂದೆ ನೆಲದ ಮೇಲೆ ಕುಳಿತೆ. ಅಲ್ಲೊಬ್ಬ ಮುದುಕಿ ಇದ್ದಳು! ನಾನು ನೋಡಲೇ ಇಲ್ಲ. ನೂಲನ್ನೂ ನೋಡಲಿಲ್ಲ, ಮನುಷ್ಯರನ್ನೂ ನೋಡಲಿಲ್ಲ. ಆಕೆಯ ಸಾವನ್ನು ಒಂದು ಗೇಣು ದೂರದಲ್ಲಿಟ್ಟುಕೊಂಡು ಸ್ಟಾಫ್ ರೂಮಿನಲ್ಲಿ ನಾಲ್ಕು ಸಲ ನಗಿಸಿದೆನಲ್ಲ! ಆ ವಾರ ಕಾಕಾನ ಮೊಣಕೈಗೆ ಪಟ್ಟಿ ಇತ್ತು. ಕೇಳಿದ್ದೆ. 'ಬಚ್ಚಲದಾಗ ಜಾರಿ ಬಿದ್ದೆ ತಮ್ಮಾ' ಅಂದಿದ್ದರು. ಅಷ್ಟಕ್ಕೇ ಬಿಟ್ಟಿದ್ದೆ.

ನಾವೆಲ್ಲ ಬೀಗ ಹಾಕುವ ಜನ. ಫೋನಿನ ಡಯಲಿಗೆ ಬೀಗ, ಸಕ್ಕರೆ ಡಬ್ಬಿ ಇಡುವ ಕಪಾಟಿಗೆ ಬೀಗ. ಯಾರಿಗಾಗಿ ಎಂದು ಕೇಳಿ. ಕೆಲಸದವಳು, ಬಾಡಿಗೆಯವರು, ನೆಂಟರು ಎಂದು ಹೆಸರು ಹೇಳುತ್ತಾ ಹೋಗುತ್ತೇವೆ. ಒಂದಾದರೂ ಬೀಗ ನನಗಾಗಿಯೇ ಹಾಕಿರಬಹುದು ಎಂಬ ವಿಚಾರ ಒಮ್ಮೆಯಾದರೂ ಬಂದಿದೆಯೇ? ನನಗಂತೂ ಬಂದಿರಲಿಲ್ಲ. ಫಿಜಿಕ್ಸ್ ಎಂ.ಎಸ್ಸಿ. ಬೇರೆ.

ಸಂಜೆ ಕಾಕಾನ ಮನೆಗೆ ಹೋದೆ. ಹೊರಗೆ ಹೊರಸಿನ ಮೇಲೆ ಕೂತಿದ್ದರು. ಎದ್ದು ನಿಂತು ಜಾಗ ಬಿಟ್ಟರು. ಮಗಳು ಚಹಾ ತಂದಳು. ತಪ್ಪಾಯಿತು ಎಂದು ಕೈ ಹಿಡಿದೆ. ಅವರು ಬಿಡಿಸಿಕೊಳ್ಳಲಿಲ್ಲ, ತಾವೂ ಹಿಡಿಯಲಿಲ್ಲ.

'ಅಪ್ಪಗ ಮಾತು ಕೊಟ್ಟಿದ್ರಿ, ಖರೆ. ಆದ್ರ ಕಳ್ಳ ಅಂತ ಅಂದಾಗಾದ್ರೂ ಬಾಯಿ ಬಿಡಬಾರದಾ ಕಾಕಾ?'

ಅವರು ಚಹಾ ಬಟ್ಟಲು ಕೆಳಗಿಟ್ಟರು. 'ಅಷ್ಟ ಮಂದಿ ಮುಂದ ಏನಂತ ಹೇಳ್ಲಿರಿ? ನಿಮಗ ಕಣ್ಣ ಕಾಣೂದಿಲ್ಲ, ಮುದುಕಿ ಮ್ಯಾಲೆ ಗಾಡಿ ಹಾಕತಿದ್ರಿ ಅಂತ ಹೇಳ್ಲೇನು? ನೀವು ಕಾಲೇಜಿನಾಗ ಕಲಸವ್ರು, ಸರ್.'

ನನ್ನ ಮರ್ಯಾದೆ ಉಳಿಸಲು ಅವರು ಕಳ್ಳ ಅನ್ನಿಸಿಕೊಂಡು ಹೋದರು. ಅವರ ಮರ್ಯಾದೆ ಕಳೆಯುತ್ತಿದ್ದವನು ನಾನು. ಅಳು ಬಂತು. ಅತ್ತೂಬಿಟ್ಟೆ. ಅವರ ಮಗಳು ಒಳಗೆ ಹೋದಳು.

ಅಪ್ಪ ಹೇಳಿ ಕಳಿಸಿದ್ದಕ್ಕೆ ಕಾಕಾ ಸೋಮವಾರ ಕೆಲಸಕ್ಕೆ ಬಂದರು. ಗುರುವಾರ ನನ್ನ ಚಷ್ಮಾ ಬಂತು. ಹಾಕಿಕೊಂಡು ಕಾರಿನಲ್ಲಿ ಕೂತೆ. ಗಿರಣಿಯ ಬೋರ್ಡಿನಲ್ಲಿ ಸಣ್ಣ ಅಕ್ಷರಗಳೂ ಇವೆ ಎಂದು ಮೊದಲ ಸಲ ಗೊತ್ತಾಯಿತು. ಆಮೇಲೆ ಸ್ಟೀರಿಂಗ್ ಮೇಲಿದ್ದ ಕಾಕಾನ ಕೈ ಕಂಡಿತು. ಮೊಣಕೈಯಿಂದ ಮುಂಗೈವರೆಗೆ ಬಿಳಿಚಿದ ಉದ್ದನೆಯ ಗಾಯದ ಗುರುತು. ಇಷ್ಟು ತಿಂಗಳು ದಿನಾ ಪಕ್ಕದಲ್ಲೇ ಕೂತಿದ್ದೆ.

ಮನೆಗೆ ಬಂದು ಶಾಂತಾಗೆ, 'ಮುಗೀತು, ಕ್ಷಮಾ ಕೇಳೀನಿ' ಅಂದೆ.

'ಕಳ್ಳ ಅಂದದ್ದು ಗಿರಣಿ ಮುಂದ, ಹತ್ತು ಮಂದಿ ಕೇಳೂ ಹಂಗ' ಅಂದಳು. 'ತಪ್ಪಾತು ಅಂದದ್ದು ಅವ್ರ ಮನ್ಯಾಗ, ಒಬ್ರಿಗೂ ಕೇಳದ ಹಂಗ. ಹೆಂಗ ಮುಗೀತ್ರಿ?'

ಅದಕ್ಕೇ ಈ ವಾರ ಬೇರೆ ಯಾವ ವಿಷಯವನ್ನೂ ಬರೆಯಲಿಲ್ಲ. ಆವತ್ತು ಗಿರಣಿ ಮುಂದೆ ನಿಂತು ಕೇಳಿದವರೇ, ನಿಮಗೂ ಹೇಳುತ್ತಿದ್ದೇನೆ: ಇಮಾಮಸಾಬ ಕಳ್ಳರಲ್ಲ. ಕಾರು ನಿಲ್ಲುತ್ತಿದ್ದುದು ನನ್ನಿಂದ.

ಕಾಕಾ, ಈ ಅಂಕಣವನ್ನು ವಾರವಾರ ಮಗಳಿಂದ ಓದಿಸಿ ಕೇಳುತ್ತೀರಿ ಅಂತ ನನಗೆ ಗೊತ್ತಿದೆ. ನಳ ಅಲ್ಲೇ ಇರಲಿ, ತೆಗೆಸುವುದಿಲ್ಲ.

ನಾಳೆ ಬೆಳಿಗ್ಗೆ ಚಾವಿ ಇಸಿದುಕೊಳ್ಳುವಾಗ ಒಂದೇ ಒಂದು ಸಲ, 'ತಮ್ಮಾ' ಅಂತೀರಾ?